ಟ್ರೇಯಲ್ಲಿ ಕೆನೆ ಕಟ್ಟಲಿಲ್ಲ

ಕೊರೋನಾ ಮುಗಿದ ಮರುವರ್ಷ ನಾನು ಜಿಗಣಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟ್ರೇ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆ ಹುದ್ದೆ ಶಿಫಾರಸಿನಿಂದ ಬಂದದ್ದಲ್ಲ, ದುಡಿದು ಪಡೆದದ್ದು.

ನಾವು ತಯಾರಿಸುತ್ತಿದ್ದುದು ಸುಟ್ಟ ಗಾಯಕ್ಕೆ ಹಾಕುವ ಸೆಲ್ಯುಲೋಸ್ ಹಾಳೆ. ಹತ್ತಿಯಲ್ಲಿರುವುದೂ ಇದೇ ಸೆಲ್ಯುಲೋಸ್. ಗಿಡ ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಂಡು, ಅದನ್ನು ಸರಪಳಿಯಾಗಿ ಪೋಣಿಸಿ, ತನ್ನ ಒಂದೊಂದು ಜೀವಕೋಶದ ಸುತ್ತಲೂ ಗೋಡೆ ಕಟ್ಟುತ್ತದೆ. ನಮ್ಮಲ್ಲಿ ಅದನ್ನು ಮಾಡುವುದು ಗಿಡವಲ್ಲ, ಒಂದು ಬ್ಯಾಕ್ಟೀರಿಯಾ; ಅದಕ್ಕೆ ಸಕ್ಕರೆಯನ್ನು ನಾವೇ ಕೊಡಬೇಕು. ಸಕ್ಕರೆ ಬೆರೆಸಿದ ತೆಂಗಿನಕಾಯಿ ನೀರಿಗೆ ಅದರ ಹೆಪ್ಪು ಹಾಕಿ ಅಲುಗಿಸದೆ ಬಿಟ್ಟರೆ, ಅದು ಮೈಯಿಂದ ನೂಲು ಬಿಟ್ಟು ನೀರಿನ ಮೇಲೆ ಚಾಪೆ ಹೆಣೆಯುತ್ತದೆ. ಗಾಳಿ ಇರುವುದು ಮೇಲೆ; ನೂತದ್ದು ತನ್ನ ಚಾಪೆಯ ಜೊತೆ ಮೇಲೆ ತೇಲುತ್ತದೆ, ಅದಕ್ಕೇ ಉಸಿರು ಸಿಗುತ್ತದೆ. ಮುಂದೆ ಹಾಳೆಯಾಗುವ ಆ ಚಾಪೆಗೆ ನಾವು ಕೆನೆ ಎನ್ನುತ್ತಿದ್ದೆವು. ನನ್ನ ಕೈಕೆಳಗಿನ ಹೆಂಗಸರ ಸಂಬಳವೆಲ್ಲ ಆ ಕೆನೆಯಿಂದಲೇ.

ದೊಡ್ಡ ಆರ್ಡರ್ ಬಂತು. ಹೆಪ್ಪು ಸಾಲದು. ಗಾಳಿ ಊದಿ ಕದಡುವ ಟ್ಯಾಂಕಿನಲ್ಲಿ ಹೆಪ್ಪು ಬೆಳೆಸಿ ಎಂದರು ಮಾಲೀಕರು.

"ಕದಡಿದ್ರೆ ತಳಿ ಕೆಡುತ್ತೆ ಸಾರ್" ಎಂದರು ಲ್ಯಾಬಿನ ಲತಾ ಮೇಡಂ.

"ಆರ್ಡರ್ ಹೋದ್ರೆ ಮೊದ್ಲು ನಾವೇ ಕೆಡ್ತೀವಿ ಮೇಡಂ" ಎಂದರು ಮಾಲೀಕರು.

ಅದೂ ಸುಳ್ಳಲ್ಲ. ಇದ್ದ ಹೆಪ್ಪನ್ನೆಲ್ಲ ಟ್ಯಾಂಕಿಗೆ ಸುರಿದೆವು. ಹಾಲಿನಂತೆ ದಟ್ಟವಾಗಿ ಬೆಳೆಯಿತು. ಆದರೆ ಅದನ್ನು ಹಾಕಿದ ಟ್ರೇಗಳಲ್ಲಿ ಕೆನೆ ತೆಳುವಾಗುತ್ತ ಬಂದು, ಕೊನೆಗೆ ಕಟ್ಟಲೇ ಇಲ್ಲ. ಯಾದಗಿರಿ ಕಡೆಯ ಶಾಂತವ್ವ ಮುಚ್ಚಿದ ಬಟ್ಟೆ ಎತ್ತಿ ನೋಡಿ, "ಅಣ್ಣಾರ, ಇವೂ ಯೂನಿಯನ್ ಮಾಡ್ಕೊಂಡಾವೇನ್ರಿ?" ಎಂದಳು. ಅವತ್ತು ಎಲ್ಲರೂ ನಕ್ಕೆವು.

ಮೇಡಂ ನಗಲಿಲ್ಲ. "ನೂಲು ಬಿಡದವು ಒಂದೊಂದು ಹುಟ್ಟುತ್ಲೇ ಇರ್ತವೆ ಅಣ್ಣ. ಟ್ರೇಲಿ ಅವು ಉಸಿರಿಲ್ದೆ ಹಿಂದೆ ಬೀಳ್ತವೆ. ಟ್ಯಾಂಕಲ್ಲಿ ಎಲ್ಲಕ್ಕೂ ಗಾಳಿ ಪುಕ್ಕಟೆ. ನೂಲಿಗೆ ಹೋಗ್ಬೇಕಾದ ಸಕ್ಕರೇನೂ ತಿಂದ್ಕೊಂಡು ನೂಲದವೇ ಹೆಚ್ಕೊಂಡ್ವು."

"ನೂಲೋವು?"

"ಉಳಿದಂಗಿಲ್ಲ."

ನಾನು ನಂಬಲಿಲ್ಲ. ಟ್ರೇಗಳನ್ನು ಕುದಿನೀರಲ್ಲಿ ತೊಳೆಸಿದೆ, ಹೊಸ ಸಕ್ಕರೆ ತರಿಸಿದೆ, ಟ್ರೇ ಅಲುಗದಿರಲೆಂದು ಹೆಂಗಸರು ಬರಿಗಾಲಲ್ಲಿ ಮೆಲ್ಲಗೆ ಓಡಾಡುವಂತೆ ಮಾಡಿದೆ. ಮೇಡಂ ಗಾಜಿನ ತಟ್ಟೆಗಳಲ್ಲಿ ಹೆಪ್ಪು ಹರಡಿ, ನೂಲುವುದು ಒಂದಾದರೂ ಸಿಕ್ಕೀತೆಂದು ಹುಡುಕಿದರು. ಸಿಗಲಿಲ್ಲ. ಹೊಸ ತಳಿ ತರಿಸುವಷ್ಟು ದಿನ ಆರ್ಡರ್ ಕೊಟ್ಟವರು ಕಾಯಲಿಲ್ಲ. ಟ್ರೇ ವಿಭಾಗ ಮುಚ್ಚಿತು.

ಗೇಟಿನ ಬಳಿ ಶಾಂತವ್ವ ಕೇಳಿದಳು: "ನಮ್ಮ ಕೆಲಸದಾಗ ಏನರ ತಪ್ಪಿತ್ತೇನ್ರಿ ಅಣ್ಣಾರ?"

"ಏನೂ ಇರ್ಲಿಲ್ಲವ್ವ."

"ಮತ್ತ?"



ದುಡಿಯುವವನಿಗೆ ಎಲ್ಲೂ ಸೋಲಿಲ್ಲ ಎಂದು ನಂಬಿ ಬೆಳೆದವನು ನಾನು. ಸುತ್ತಲಿನ ನೀರು ಬದಲಾದರೆ ದುಡಿಯುವ ಗುಣವೇ ದುಡಿಯುವವನನ್ನು ಮುಗಿಸುತ್ತದೆ ಎಂದು ಆ ಕೆಲಸ ಕಲಿಸಿತು. ಕಲಿತದ್ದನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದು. ನನಗೆ ಬೇರೆ ಗುಣ ಬರುವುದಿಲ್ಲ.