ಕಾಲಿಗಿಳಿಯದ ರಕ್ತ

ಹರಿಣಾಕ್ಷಿ ಸಿಸ್ಟರ್ ಕಲ್ಲೆದೆಯವಳೆಂದು ದೆಹಲಿಯ ಕನ್ನಡದ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡುವವರ ಬಾಯಿಗೆ ಬೀಗ ಹಾಕಲಾದೀತೆ? ಅವಳು ಮೊದಲು ಹಾಗಿರಲಿಲ್ಲ. ಎಪ್ಪತ್ತಮೂರರ ಚಳಿಗಾಲದವರೆಗೆ ಹೆರಿಗೆ ವಾರ್ಡಿನಲ್ಲಿ ಅವಳಂಥ ಮಾತಿನಮಲ್ಲಿ ಇನ್ನೊಬ್ಬಳಿರಲಿಲ್ಲ.

ಆ ಜನವರಿಯಲ್ಲಿ ಪುಷ್ಪಾವತಿಗೆ ಗಂಡುಮಗುವಾಯಿತು. ಗಂಡ ಕರುಣಾಕರ ಕರೋಲ್‌ಬಾಗಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಉಡುಪಿಯ ಕಡೆಯವರು, ಹರಿಣಾಕ್ಷಿಯ ಊರಿನ ಪಕ್ಕದವರೇ. ನಮ್ಮ ಕಡೆಯ ನರ್ಸ್ ಸಿಕ್ಕಳೆಂದು ಬಾಣಂತಿಗೆ ಹೋದ ಜೀವ ಬಂದಂತಾಗಿತ್ತು.

ಮಗು ಹಾಲು ಕುಡಿಯುವಾಗ ಏದುಸಿರು ಬಿಡುತ್ತಿತ್ತು. ಕೈಯದೂ ಕಾಲಿನದೂ ರಕ್ತದೊತ್ತಡ ನೋಡಿ, ಕಾಲಿನದು ಕಡಿಮೆ ಬಂದರೆ ತಕ್ಷಣ ತಿಳಿಸಿ ಎಂದು ಡಾಕ್ಟರು ಹೇಳಿ ಹೋದರು. ಕಡಿಮೆಯೆಂದರೆ ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಕಿರಿದಾಗಿರಬಹುದು. ಎಳೆಕೂಸಿನ ನಾಡಿ ಕಿವಿಗೆ ಸಿಗುವಂಥದ್ದಲ್ಲ. ಅಂಗೈಯನ್ನೋ ಪಾದವನ್ನೋ ಬಟ್ಟೆಯಿಂದ ಬಿಗಿದು ರಕ್ತವನ್ನು ಹಿಂದಕ್ಕೆ ತಳ್ಳಿ, ಮೇಲೆ ಗಾಳಿಪಟ್ಟಿ ಉಬ್ಬಿಸಿ, ಬಟ್ಟೆ ಬಿಚ್ಚಬೇಕು. ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತ, ಬಿಳಿಚಿದ ಚರ್ಮ ಯಾವಾಗ ಕೆಂಪಾಗುತ್ತದೆಂದು ಕಣ್ಣು ನೆಟ್ಟು ನೋಡಬೇಕು; ತಡವಾದಷ್ಟೂ ಒತ್ತಡ ಕಡಿಮೆ. ಕೈ ಬೇಗ ಕೆಂಪಾಯಿತು. ಕಾಲು ಬಹಳ ಹೊತ್ತು ಬಿಳಿಯಾಗಿಯೇ ಇತ್ತು.

"ಚಳಿಗೆ ಹಾಗೆ, ಅಲ್ವಾ ಅಕ್ಕ?" ಎಂದಳು ಪುಷ್ಪಾವತಿ.

"ಮತ್ತೆ? ದಿಲ್ಲಿಯ ಚಳಿ ಅಂದ್ರೆ ಸುಮ್ನೆಯಾ ಮಾರಾಯ್ತಿ!"

ಬಿಸಿಬಟ್ಟೆ ಸುತ್ತಿ ಕಾಲು ಬೆಚ್ಚಗೆ ಮಾಡಿ ಹರಿಣಾಕ್ಷಿ ಮತ್ತೆ ನೋಡಿದಳು. ಆಗಲೂ ಬಿಳಿಯೇ. ಮತ್ತೆ ಬೆಚ್ಚಗೆ ಮಾಡಿದಳು. ಒಳಗೊಳಗೇ ಗೊತ್ತಾಗಿತ್ತು, ಒಪ್ಪಲು ಮನಸ್ಸಿರಲಿಲ್ಲ. ಬೆಳಿಗ್ಗೆ ಇನ್ನೊಮ್ಮೆ ನೋಡಿ ಡಾಕ್ಟರಿಗೆ ಹೇಳಿದರಾಯಿತೆಂದು ಡ್ಯೂಟಿ ಮುಗಿಸಿ, ಲೋಧಿ ಕಾಲೋನಿಯ ಅಣ್ಣನ ಮನೆಗೆ ಹೋದಳು.

ಬೆಳಗಾಗುವಷ್ಟರಲ್ಲಿ ಮಗು ತೀರಿಕೊಂಡಿತ್ತು.

"ನಿನ್ನೆಯೇ ಗೊತ್ತಾಗಿದ್ದರೂ ಇಷ್ಟು ಎಳೆಯ ಕೂಸಿಗೆ ಆಪರೇಷನ್ ಮಾಡಿ ಉಳಿಸೋದು ಕಷ್ಟವೇ ಇತ್ತು," ಎಂದರು ಡಾಕ್ಟರು. ಕಷ್ಟ ಎಂದರು, ಆಗದು ಎನ್ನಲಿಲ್ಲ. ಅಂದಿನಿಂದ ಯಾವ ತಾಯಿಗೂ ಹರಿಣಾಕ್ಷಿ ಸಮಾಧಾನದ ಮಾತು ಹೇಳಲಿಲ್ಲ.

ಎರಡು ವರ್ಷದ ಮೇಲೆ ಪುಷ್ಪಾವತಿ ತುಂಬಿದ ಬಸುರಿಯಾಗಿ ಅದೇ ವಾರ್ಡಿಗೆ ಬಂದಳು. ಕಂಡವಳೇ ಹರಿಣಾಕ್ಷಿಯ ಕೈ ಹಿಡಿದುಕೊಂಡಳು.

"ಅವತ್ತು ಮಗುವಿನ ಕಾಲು ಎಷ್ಟು ಸಲ ಬೆಚ್ಚಗೆ ಮಾಡಿದ್ರಿ ನೀವು! ಹೆತ್ತ ನನಗೂ ಅದು ತೋಚಲಿಲ್ಲ. ಈ ಸಲ ಏನೂ ಆಗೋದಿಲ್ಲ ಅಂತ ನಿಮ್ಮ ಬಾಯಿಂದ ಒಂದು ಮಾತು ಹೇಳಿ ಅಕ್ಕ, ಸಾಕು."

ಹರಿಣಾಕ್ಷಿ ಕೈ ಬಿಡಿಸಿಕೊಂಡಳು.

"ಹುಟ್ಟಲಿ. ನೋಡಿ ಹೇಳ್ತೇನೆ."

ಪುಷ್ಪಾವತಿ ಗೋಡೆಯ ಕಡೆ ಮಗ್ಗುಲಾಗಿ ಅಳತೊಡಗಿದಳು.