ರಕ್ತಹುಳುವಿನ ಹಸಿವನ್ನು ಅರಿತವರು

ಮನುಷ್ಯನ ರಕ್ತನಾಳದಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಬದುಕುವ ರಕ್ತಹುಳುಗಳ ಅಧ್ಯಯನದಲ್ಲಿ ನಮ್ಮ ಸಂಸ್ಥೆಗೆ ಹೆಸರು ತಂದವರು, ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರೂ ಪ್ರೀತಿಯಿಂದ ‘ಹುಳದಮ್ಮ’ ಎಂದು ಕರೆಯುವ ಮೇಡಂ. ಈ ಹುಳು ಬಾಯಿಯಿಂದ ರಕ್ತ ಕುಡಿದರೂ ಸಕ್ಕರೆಯನ್ನು ಹೆಚ್ಚಾಗಿ ಮೈಚರ್ಮದಿಂದಲೇ ಹೀರಿಕೊಳ್ಳುತ್ತದೆ. ಎಷ್ಟು ಹೀರಬೇಕೆಂದು ಅದಕ್ಕೆ ತಿಳಿಯುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಅವರು ತಮ್ಮ ಸೇವಾವಧಿಯನ್ನು ಧಾರೆಯೆರೆದರು.

ಸೇರಿದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ಮೆಟ್ಟಿಲಡಿಯ, ಕಿಟಕಿಯಿಲ್ಲದ ಕೋಣೆ. ಹುಳುಗಳನ್ನು ಮೈಶಾಖದಲ್ಲಿಡುವ ಪೆಟ್ಟಿಗೆಯ ಗುಂಯ್‌ಗುಡುವ ಸದ್ದೇ ಅವರಿಗೆ ಜೊತೆ. ವರ್ಷಗಳು ಉರುಳಿದರೂ ಹುಳುಗಳು ಯಾವ ದಿನ ನೋಡಿದರೂ ಒಂದೇ ಅಳತೆಯ ಸಕ್ಕರೆ ಹೀರುತ್ತಿದ್ದವು.

“ಹುಳ ಅಂದ್ರೆ ಬರೀ ಸ್ಪಂಜು. ಸ್ಪಂಜಿಗೆ ಬುದ್ಧಿ ಇರತ್ತೇನ್ರೀ? ವರ್ಷದ ಕೊನೆಗೆ ಆ ಕೋಣೆ ಉಗ್ರಾಣಕ್ಕೆ ಬೇಕು,” ಎಂದರು ಮುಖ್ಯಸ್ಥರು.

ಅಷ್ಟರಲ್ಲಿ ಹುಳು ತೊಳೆಯುವ ಸಹಾಯಕಿಯ ಮಗುವಿಗೆ ಜ್ವರ ಬಂತು. “ರಜ ಎಲ್ಲಾ ಮುಗ್ದೋಗಿದೆ ಮೇಡಂ,” ಎಂದು ಆಕೆ ತಲೆತಗ್ಗಿಸಿದಳು.

“ಮಗು ಹತ್ರ ಇರಮ್ಮ. ಹುಳಕ್ಕೆ ಸ್ನಾನ ಮಾಡ್ಸೋಕೆ ನನಗೂ ಬರತ್ತೆ.”

ಪರೀಕ್ಷೆಗೆ ಮುನ್ನ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ರಕ್ತದ ಸುಳಿವೂ ಉಳಿಯದಂತೆ ಹುಳುಗಳನ್ನು ತೊಳೆಯುವುದು ಅಲ್ಲಿನ ಪದ್ಧತಿ, ಅಲ್ಲಿನವರ ಹೆಮ್ಮೆ. ಎಲ್ಲ ಕೆಲಸವೂ ತಲೆಯ ಮೇಲೆ ಬಿದ್ದ ಆ ದಿನ ಮೇಡಂ ಒಮ್ಮೆ ಜಾಲಿಸಿ ಬಿಟ್ಟರು. ಆ ಹುಳುಗಳು ಎಂದಿಗಿಂತ ಬಹಳ ಹೆಚ್ಚು ಸಕ್ಕರೆ ಹೀರಿದವು.

“ಗಲೀಜು ಕೆಲಸ. ಆ ಫಲಿತಾಂಶ ಎಸೀರಿ,” ಎಂದರು ಮುಖ್ಯಸ್ಥರು.

“ಎಸೆಯಲ್ಲ ಸರ್. ತೊಳೆದು ತೊಳೆದು ನಾವೇ ಏನನ್ನೋ ಚೆಲ್ತಾ ಇದ್ವಿ. ಅದೇನಂತ ನೋಡ್ತೀನಿ,” ಎಂದರು ಮೇಡಂ.

ಚೆಲ್ಲಿಹೋಗುತ್ತಿದ್ದದ್ದು ಇನ್ಸುಲಿನ್. ಊಟವಾದ ಮೇಲೆ ನಮ್ಮ ರಕ್ತದಲ್ಲಿ ಏರುವ ಇನ್ಸುಲಿನ್, ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಿರೆಂದು ನಮ್ಮ ಜೀವಕೋಶಗಳಿಗೆ ಹೇಳುತ್ತದೆ; ಆ ಮಾತನ್ನು ಹುಳು ಕದ್ದು ಕೇಳಿ, ತನ್ನ ಚರ್ಮದಲ್ಲಿ ಸಕ್ಕರೆಗೆ ಹೆಚ್ಚು ಬಾಗಿಲು ತೆರೆಯುತ್ತದೆ.

ಮಗು ಗುಣವಾಗಿ ಮರಳಿದ ಸಹಾಯಕಿ ಸಪ್ಪೆ ಮುಖದಲ್ಲಿ, “ಹಾಗಾದ್ರೆ ಇಷ್ಟು ವರ್ಷ ನಾನು ತೊಳೆದಿದ್ದೆಲ್ಲಾ ದಂಡಾನಾ ಮೇಡಂ?” ಎಂದು ಕೇಳಿದಳು.

“ನಿನ್ನ ಕೈ ಅಷ್ಟು ಚೊಕ್ಕಟ ಇದ್ದಿದ್ದಕ್ಕೇ ಕಣಮ್ಮ ವ್ಯತ್ಯಾಸ ಗೊತ್ತಾಗಿದ್ದು. ಈಗ ಇನ್ನೂ ಚೆನ್ನಾಗಿ ತೊಳಿ.”

ಹಾಗೆ ತೊಳೆದ ಹುಳುಗಳಿದ್ದ ದ್ರವಕ್ಕೆ ಇನ್ಸುಲಿನ್ ಬೆರೆಸಿದಾಗ ಹೀರಿಕೆ ಏರಿತು. ಹುಳುವಿನೊಳಗೆ ಆ ಸಂದೇಶ ಸಾಗುವ ದಾರಿಯನ್ನು ಮದ್ದಿನಿಂದ ಕಟ್ಟಿದಾಗ ಇಳಿಯಿತು. ಪರಿಶೀಲನೆಗೆ ಬಂದ ತಜ್ಞರು ನಂಬದೆ ತಾವೇ ಮಾಡಿ ನೋಡಿದರು. ಅದೇ ಫಲ. ಮುಖ್ಯಸ್ಥರು ಕನ್ನಡಕ ಒರೆಸಿಕೊಳ್ಳುತ್ತ, “ಉಗ್ರಾಣಕ್ಕೆ ಬೇರೆ ಜಾಗ ನೋಡ್ಕೋತೀವಿ ಬಿಡಿ,” ಎಂದರು.

“ಹಾಗೇ ಪಕ್ಕದ ಕೋಣೇನೂ ಬಿಡಿಸಿಕೊಡಿ ಸರ್,” ಎಂದರು ಮೇಡಂ. ಬಿಡಿಸಿಕೊಟ್ಟರು.

ಇಂದು ಆ ಎರಡೂ ಕೋಣೆಗಳಲ್ಲಿ ಅವರ ಶಿಷ್ಯರು ಹುಳುವಿನ ಚರ್ಮದ ಆ ಬಾಗಿಲುಗಳನ್ನು ಮುಚ್ಚಿಯೇ ಬಿಡುವ ಮದ್ದನ್ನು ಹುಡುಕುತ್ತಿದ್ದಾರೆ. ನಿವೃತ್ತಿಯ ಮರುದಿನವೂ ಬರುವುದಾಗಿ ಮೇಡಂ ಈಗಾಗಲೇ ತಿಳಿಸಿದ್ದಾರೆ. ರೋಗಿಯೊಬ್ಬರ ರಕ್ತದಲ್ಲಿ, ಸುತ್ತಲೂ ಸಕ್ಕರೆ ಹರಿಯುತ್ತಿದ್ದರೂ ಆ ಹುಳು ಉಪವಾಸ ಸಾಯುವ ದಿನವನ್ನು ಕಣ್ಣಾರೆ ಕಾಣುವಷ್ಟು ಆಯುಷ್ಯ, ಕಂಡ ಮೇಲೆ ಮುಂದಿನ ಪ್ರಶ್ನೆ ಕೇಳುವಷ್ಟು ಆರೋಗ್ಯ ಅವರಿಗಿರಲಿ.