ಬೆಕ್ಕಿನಾಟದ ಮೂರನೇ ಭಾಗ

ವಿಡಿಯೋ ಗೇಮ್ ಅಂದರೆ ಕೆಟ್ಟುಹೋದ ಹುಡುಗರ ಚಟ ಅಂತ ನಂಬಿದ್ದ ಮನೆ ನಮ್ಮದು. ಅಂಥ ಮನೆಯಲ್ಲಿ ಐವತ್ತು ದಾಟಿದ ಅಪ್ಪ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಟೀವಿಯ ಮುಂದೆ ಕೂತು ಒಂದು ದಪ್ಪ ಬೆಕ್ಕನ್ನು ಮಾಳಿಗೆಯಿಂದ ಮಾಳಿಗೆಗೆ ಹಾರಿಸುತ್ತಿದ್ದರು ಅಂದರೆ ನಮ್ಮ ನೆಂಟರು ಈಗಲೂ ನಗುತ್ತಾರೆ. ನಗಲಿ ಬಿಡಿ. ಅವರಿಗೇನು ಗೊತ್ತು ನಾವು ಪಟ್ಟ ಪಾಡು?

ಮುಂಬಯಿಯ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನಾವು ಮೂರೇ ಜನ, ಅಪ್ಪ, ಅಮ್ಮ, ನಾನು. ಅಪ್ಪ ಮೈಸೂರಿನಿಂದ ಬಂದು ಇಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು, ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ನಾನು ಆಗಷ್ಟೇ ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಎತ್ತಲು ಹೋದರು, ಲೋಟ ಜಾರಿ ಬಿತ್ತು, ಹಿಂದೆಯೇ ಅವರೂ ಬಿದ್ದರು. ಲಕ್ವ ಹೊಡೆದಿತ್ತು. ಕೆಲವು ತಿಂಗಳಲ್ಲಿ ಮಾತು ಮರಳಿತು, ಎಳೆದುಕೊಂಡಾದರೂ ಕಾಲು ನಡೆಯಿತು. ಬಲಗೈ ಮಾತ್ರ ಬರಲಿಲ್ಲ, ಹೆಬ್ಬೆರಳು ಚೂರು ಅಲುಗುತ್ತಿತ್ತು ಅಷ್ಟೇ.

ನಕ್ಷೆ ಬರೆಯಲಾಗದ ದುಃಖ ಇದ್ದೇ ಇತ್ತು. ಆದರೆ ಅವರನ್ನು ದಿನಾ ಕೊಲ್ಲುತ್ತಿದ್ದದ್ದು ಊಟ. ಎಡಗೈಯಲ್ಲಿ ಅನ್ನ ಮುಟ್ಟುವುದು ಅವರಿಂದ ಸಾಧ್ಯವೇ ಇರಲಿಲ್ಲ, ಹುಟ್ಟಿದಾಗಿನಿಂದ ಬಂದ ಮಡಿವಂತಿಕೆ. ಅಮ್ಮ ಕಲಸಿ ಚಮಚದಲ್ಲಿ ಬಾಯಿಗೆ ಇಡಬೇಕು. ಮನೆಗೆ ಯಾರಾದರೂ ಬಂದಾಗ ಅಮ್ಮ ತಟ್ಟೆ ಹಾಕಿದರೆ "ನಂದು ಆಗ್ಲೇ ಊಟ ಆಯ್ತು" ಅಂತ ಹಸಿ ಸುಳ್ಳು ಹೇಳಿ ಬಲಗೈಯನ್ನು ಟವೆಲ್ ಕೆಳಗೆ ಸರಿಸಿಬಿಡೋರು. ಒಂದು ದಿನ ನನ್ನ ಹತ್ತಿರ ಹೇಳಿದರು, "ನನ್ನ ಕೈಯಾರೆ ಸಾರನ್ನ ಕಲಸಿಕೊಂಡು ತಿನ್ನೋ ಹಾಗಾದ್ರೆ ಸಾಕು ಕಣೇ ಪುಟ್ಟಿ. ದೇವರ ಹತ್ರ ಇನ್ನೇನೂ ಕೇಳಲ್ಲ."

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಡಾಕ್ಟರಮ್ಮ ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು, "ನಾನೇನು ತೊಟ್ಟಿಲ ಮಗುವಾ?" ಅಂತ. ಅಷ್ಟರಲ್ಲಿ ದುಬೈಯಿಂದ ಬಂದ ಸೋದರಮಾವ ತಮಾಷೆಗೆ ಅಂತ ಟೀವಿಗೆ ಸಿಕ್ಕಿಸುವ ಒಂದು ಗೇಮಿನ ಡಬ್ಬಿ ಬಿಟ್ಟುಹೋದರು. ಜೊತೆಗೆ ಎರಡು ಕೈಯಲ್ಲಿ ಹಿಡಿದು ಆಡುವ ಒಂದು ರಿಮೋಟ್, ಒಂದೇ ಕ್ಯಾಸೆಟ್, ಅದೇ ಬೆಕ್ಕಿನಾಟ. ಬೆಕ್ಕು ತಾನಾಗಿ ಓಡುತ್ತದೆ. ಎಡ ಹೆಬ್ಬೆರಳಿನಲ್ಲಿ ಅತ್ತಿತ್ತ ತಿರುಗಿಸಬೇಕು, ಬಲ ಹೆಬ್ಬೆರಳಿನಲ್ಲಿ ಒಂದೇ ಗುಂಡಿ ಒತ್ತಬೇಕು. ಚೂರು ಒತ್ತಿದರೆ ಚಿಕ್ಕ ಜಿಗಿತ, ಒತ್ತಿ ಹಿಡಿದರೆ ಉದ್ದ ಜಿಗಿತ. ಇಷ್ಟೇ.

ಮೊದಮೊದಲು ಬೆಕ್ಕು ಮೊದಲ ಮಾಳಿಗೆಯಿಂದಲೇ ದೊಪ್ಪನೆ ಬೀಳುತ್ತಿತ್ತು. ಅಪ್ಪ "ಥೂ ಮುಂಡೇದೆ" ಅಂತ ಬೈದು ಮತ್ತೆ ಶುರು ಮಾಡೋರು. ರಬ್ಬರ್ ಚೆಂಡು ಹಿಸುಕದ ಮನುಷ್ಯ ಬೆಕ್ಕಿನ ಮೇಲಿನ ಹಠಕ್ಕೆ ದಿನವಿಡೀ ಗುಂಡಿ ಒತ್ತಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಬೆಕ್ಕು ಊರೆಲ್ಲ ಸುತ್ತಿ ಮನೆ ಸೇರುತ್ತಿತ್ತು. ಡಾಕ್ಟರಮ್ಮ ಹೆಬ್ಬೆರಳು ಹಿಡಿದು ನೋಡಿ, "ಕೈಗೆ ಜೀವ ಬರ್ತಿದೆ, ಇದನ್ನ ಮಾತ್ರ ನಿಲ್ಲಿಸಬೇಡಿ" ಅಂತ ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿಹೋದರು. ಬೈಕುಲ್ಲಾದ ಒಂದು ಅಂಗಡಿಯಿಂದ ನಾನು ಎರಡನೇ ಭಾಗ ಕೊಂಡು ತಂದೆ. ಅದು ಇನ್ನೂ ಸೊಗಸಾಗಿತ್ತು, ಬೆಕ್ಕು ದೋಣಿಯಿಂದ ದೋಣಿಗೆ ಹಾರುತ್ತಿತ್ತು. ಜಿಗಿತ ಮಾತ್ರ ಅದೇ.

ಮರುವರ್ಷದ ಯುಗಾದಿಗೆ ಅಪ್ಪ ಎಲೆಯ ಮುಂದೆ ಕೂತು, ಅಮ್ಮ ಚಮಚ ತರಲು ಎದ್ದಾಗ "ಇರು" ಅಂದರು. ಬಲಗೈಯನ್ನು ಎತ್ತಿ ಎಲೆಯ ಮೇಲಿಟ್ಟರು. ಸಾರನ್ನವನ್ನು ನಿಧಾನವಾಗಿ ಕಲಸಿದರು. ಅರ್ಧ ಎಲೆಯ ಮೇಲೆ, ಅರ್ಧ ಪಂಚೆಯ ಮೇಲೆ. ಒಂದೇ ಒಂದು ತುತ್ತು ಬಾಯಿ ಸೇರಿತು. ಅಮ್ಮ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಕುಣಿಯೋಣ ಅನ್ನಿಸಿತು. "ಆ ಬೆಕ್ಕಿಗೆ ಒಂದು ಹೋಳಿಗೆ ಇಡಮ್ಮ" ಅಂದೆ. ಅಪ್ಪ ನಕ್ಕರು, ಬಾಯಿತುಂಬ ಅನ್ನ ಇಟ್ಟುಕೊಂಡು.

ಆಮೇಲೆ ಬಂತು ನೋಡಿ ಮೂರನೇ ಭಾಗ.

ಬೈಕುಲ್ಲಾದ ಆ ಅಂಗಡಿಯಲ್ಲಿ ಹಳೇ ಕ್ಯಾಸೆಟ್ ಕೊಟ್ಟು ಹೊಸದು ಒಯ್ಯುವ ಪದ್ಧತಿ ಇತ್ತು. ಕೊಟ್ಟದ್ದು ಮರುದಿನವೇ ಇನ್ಯಾರದೋ ಮನೆ ಸೇರುತ್ತಿತ್ತು. "ದೀದಿ, ಥರ್ಡ್ ಪಾರ್ಟ್ ಆ ಗಯಾ" ಅಂತ ಅಂಗಡಿಯವನು ಹೇಳಿದ. ಎರಡು ಹಳೇದು ಕೊಟ್ಟರೆ ಅದೊಂದು. ನಾನು ಮನೆಗೆ ಬಂದು ಹೇಳಿದೆ, ಹಳೇವು ಇರಲಿ, ಸ್ವಲ್ಪ ದಿನ ತಡೆಯೋಣ ಅಂತಲೂ ಅಂದೆ. ಅಪ್ಪ ಕೇಳಬೇಕಲ್ಲ!

"ಏನೇ ಹಾಗಂದ್ರೆ? ಹೊಸ ರಿವಿಷನ್ ಬಂದ ಮೇಲೆ ಹಳೇ ನಕ್ಷೆ ಟೇಬಲ್ ಮೇಲೆ ಇರಬಾರದು. ಯಾರಾದ್ರೂ ಅದನ್ನೇ ನೋಡಿಕೊಂಡು ಗೋಡೆ ಕಟ್ಟಿಬಿಟ್ರೆ?"

ಅವರ ಕಸುಬಿನ ನಿಯಮ ಅದು. ನಕ್ಷೆಯನ್ನು ತಿದ್ದಿ ಬರೆದಾಗ ಹಿಂದಿನದರ ಮೇಲೆ 'ರದ್ದು' ಅಂತ ಮುದ್ರೆ ಒತ್ತಿ ಎಲ್ಲ ಕಡೆಯಿಂದ ವಾಪಸ್ ತರಿಸಿಕೊಳ್ಳಬೇಕು. ಮೂರನೇ ಸಲ ತಿದ್ದಿದ ನಕ್ಷೆ ಎರಡನೆಯದಕ್ಕಿಂತ ಕೆಟ್ಟದಾಗಿರುವುದನ್ನು ಅವರು ಕಂಡೇ ಇರಲಿಲ್ಲ. "ಇಷ್ಟು ಚೆನ್ನಾಗಿ ಮಾಡಿದೋರು ಮೂರನೇದನ್ನ ಕೆಡಿಸ್ತಾರೇನೇ?" ಅಂತ ತಾವೇ ಎರಡು ಕ್ಯಾಸೆಟ್ಟನ್ನೂ ನನ್ನ ಬ್ಯಾಗಿಗೆ ಹಾಕಿದರು. ಬಲಗೈಯಿಂದಲೇ ಹಾಕಿದರು.

ಕೆಡಿಸಿದ್ದರು. ಅಯ್ಯೋ, ಹೇಗೆ ಕೆಡಿಸಿದ್ದರು! ಬೆಕ್ಕಿನ ಬೆನ್ನಿಗೆ ಒಂದು ಯಂತ್ರ ಕಟ್ಟಿ ಆಕಾಶಕ್ಕೆ ಬಿಟ್ಟಿದ್ದರು. ಮಾಳಿಗೆ ಇಲ್ಲ, ದೋಣಿ ಇಲ್ಲ, ಹಾರುವ ಕಬ್ಬಿಣದ ಮೀನುಗಳು ಎಲ್ಲಾ ಕಡೆಯಿಂದ ಬರುತ್ತಿದ್ದವು. ಗುಂಡಿಯನ್ನು ಪಟಪಟನೆ ಬಡಿಯುತ್ತಲೇ ಇರಬೇಕು. ಒತ್ತಿ ಹಿಡಿದರೆ ಬೆನ್ನಿನ ಯಂತ್ರ ಬಿಸಿಯಾಗಿ ಸಿಡಿದು ಬೆಕ್ಕು ಸತ್ತೇಹೋಗುತ್ತಿತ್ತು. ಅಪ್ಪನ ಹೆಬ್ಬೆರಳು ಒಂದು ವರ್ಷ ಕಷ್ಟಪಟ್ಟು ಕಲಿತದ್ದು ಒತ್ತಿ ಹಿಡಿಯುವುದನ್ನೇ. ಪಟಪಟನೆ ಬಡಿಯಲು ಅದಕ್ಕೆ ಬರುವುದಿಲ್ಲ. ಒತ್ತುವರು, ಬೆಕ್ಕು ಸಾಯುವುದು. ಮತ್ತೆ ಒತ್ತುವರು, ಮತ್ತೆ ಸಾಯುವುದು. ಈ ಸಲ ಅವರು ಬೈಯಲೇ ಇಲ್ಲ. "ನನ್ನ ಕೈಯೇ ಸರಿಯಿಲ್ಲ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಸರಿಯಿತ್ತು ರೀ! ಆಟ ಕೆಟ್ಟದ್ದು. ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ತಿದ್ದಿದ ನಕ್ಷೆ ತಪ್ಪಿರಲು ಹೇಗೆ ಸಾಧ್ಯ?

ಮಾರನೇ ವಾರವೇ ಬೈಕುಲ್ಲಾಗೆ ಓಡಿದೆ. ಮೊದಲನೆಯದು ಯಾರ ಜೊತೆಗೋ ಸೂರತ್‌ಗೆ ಹೋಗಿಯಾಗಿತ್ತು. ಎರಡನೆಯದು ಘಾಟ್ಕೋಪರ್‌ನ ಒಬ್ಬ ಗಿರಾಕಿಯ ಮನೆಯಲ್ಲಿತ್ತು. ಬೇರೆ ಕಾಪಿ? "ಪುರಾನಾ ಮಾಲ್ ಅಬ್ ನಹೀ ಆತಾ ದೀದಿ" ಅಂದ ಅವನು, ಹಳೇ ಮಾಲು ಈಗ ಬರುವುದೇ ಇಲ್ಲವಂತೆ, ಎಲ್ಲರೂ ಹೊಸದನ್ನೇ ಕೇಳುತ್ತಾರಂತೆ. ಗ್ರಾಂಟ್ ರೋಡ್ ತನಕ ಅಂಗಡಿ ಅಂಗಡಿ ಅಲೆದೆ. ಎಲ್ಲಾ ಕಡೆ ಅದೇ ಆಕಾಶದ ದರಿದ್ರ ಬೆಕ್ಕು.

ಕೊನೆಗೆ ಅಂಗಡಿಯವನಿಂದ ವಿಳಾಸ ಕೇಳಿಕೊಂಡು ಒಂದು ಭಾನುವಾರ ಟ್ಯಾಕ್ಸಿಯಲ್ಲಿ ಅಪ್ಪನನ್ನೂ ಕರೆದುಕೊಂಡು ಘಾಟ್ಕೋಪರ್‌ಗೆ ಹೋದೆ. ಅವರನ್ನು ನೋಡಿದರೆ ಯಾರಿಗಾದರೂ ಮನಸ್ಸು ಕರಗುತ್ತದೆ ಅಂತ ನನ್ನ ಲೆಕ್ಕಾಚಾರ. ಗುಜರಾತಿ ಮನೆ. ಬಾಗಿಲು ತೆಗೆದ ಹೆಂಗಸು ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು. ಒಳಗೆ ಎರಡು ಜಡೆಯ ಅವಳ ಮಗಳು ನಮ್ಮ ಬೆಕ್ಕನ್ನು ದೋಣಿಯ ಮೇಲೆ ಹಾರಿಸುತ್ತಿದ್ದಳು, ನೀರಿಗೆ ಬೀಳಿಸಿ ಕಿಲಕಿಲ ನಗುತ್ತಿದ್ದಳು. ನಾನು ವಿಷಯ ತೆಗೆಯುವ ಮೊದಲೇ ಅಪ್ಪ ಹುಡುಗಿಯನ್ನು ಹಿಂದಿಯಲ್ಲಿ ಕೇಳಿದರು, "ಒಂದು ಸಲ ನಾನು ಆಡಲಾ?"

ಹುಡುಗಿ ರಿಮೋಟ್ ಕೊಟ್ಟಳು. ಒಂದು ದೋಣಿಯೂ ತಪ್ಪಲಿಲ್ಲ. ಹೆಬ್ಬೆರಳು ಒತ್ತಿತು, ಹಿಡಿಯಿತು, ಬಿಟ್ಟಿತು. ನದಿ ದಾಟಿಸಿ ಬೆಕ್ಕನ್ನು ದಡದ ಮೇಲೆ ಕೂರಿಸಿದರು. ಹುಡುಗಿ ಚಪ್ಪಾಳೆ ಹೊಡೆದಳು. ಅಪ್ಪ ರಿಮೋಟನ್ನು ಅವಳ ಮಡಿಲಲ್ಲಿ ಇಟ್ಟು, ನನ್ನ ಕಡೆ ತಿರುಗಿ, "ನಡಿ ಪುಟ್ಟಿ, ಹೋಗೋಣ" ಅಂದರು. ಆ ಹೆಂಗಸು ಢೋಕ್ಳಾ ತಟ್ಟೆ ತಂದಳು. ಅಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡು, ಊಟ ಆಗಿದೆ ಅಂದರು.

ಟ್ಯಾಕ್ಸಿಯಲ್ಲಿ ನಾನು ಜಗಳ ತೆಗೆದೆ. ಕೇಳಿದ್ದರೆ ಕೊಡುತ್ತಿದ್ದರು, ಅದಕ್ಕೆ ತಾನೇ ಬಂದದ್ದು, ನಿಮ್ಮ ಕೈ ಮುಖ್ಯವೋ ಆ ಮಗುವಿನ ಆಟವೋ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಟ್ಯಾಕ್ಸಿ ಸಾಯನ್ ದಾಟಿತು. ಆಮೇಲೆ ಅಪ್ಪ ಅಂದರು, "ಮಗು ಕೈಯಿಂದ ಕಿತ್ತುಕೊಳ್ಳೋಕಾಗುತ್ತೇನೇ? ಕೊಟ್ಟಿದ್ದು ನಾನೇ ಅಲ್ವಾ."

ಆಮೇಲೆ ಅಪ್ಪ ಗೇಮನ್ನು ಮುಟ್ಟಲಿಲ್ಲ. ಡಾಕ್ಟರಮ್ಮ ಬೈದರು, ಅಮ್ಮ ಹರಕೆ ಹೊತ್ತಳು, ನಾನು ರಬ್ಬರ್ ಚೆಂಡನ್ನು ಮಂಚದ ಕೆಳಗಿನಿಂದ ತೆಗೆದು ತೊಳೆದು ಕೊಟ್ಟೆ. ಯಾವುದೂ ನಡೆಯಲಿಲ್ಲ. ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಮಡಚಿಕೊಳ್ಳುತ್ತಾ ಬಂತು. ನಾವು ನೋಡುತ್ತಲೇ ಇದ್ದೆವು. ಮುಂದಿನ ಯುಗಾದಿಗೆ ಅಮ್ಮ ಕೇಳದೆಯೇ ಚಮಚ ತಂದಿಟ್ಟಳು.

ಇನ್ನೂ ಒಂದು ದೀಪಾವಳಿ ಕಳೆದ ಮೇಲೆ ನಾಲ್ಕನೇ ಭಾಗ ಬಂತು. ಮೂರನೆಯದನ್ನು ಎಲ್ಲಾ ಕಡೆ ಜನ ಉಗಿದಿದ್ದರಂತೆ, ಮಾಡಿದವರಿಗೂ ಬುದ್ಧಿ ಬಂದು ಹಳೇ ಜಿಗಿತವನ್ನೇ ವಾಪಸ್ ತಂದಿದ್ದಾರೆ ಅಂತ ಅಂಗಡಿಯವನು ಹೇಳಿದ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕ್ಯಾಸೆಟ್ಟನ್ನು ಎದೆಗೆ ಅವಚಿಕೊಂಡು ಮನೆಗೆ ತಂದೆ. ಟೀವಿಯಲ್ಲಿ ಮಾಳಿಗೆಗಳು ಮೂಡಿದವು. ಬೆಕ್ಕು ಓಡಿತು.

ಅಪ್ಪನ ಮುಖ ಅರಳಿತು. "ನೋಡಿದ್ಯಾ, ತಿದ್ದಿದ್ದಾರೆ" ಅಂದರು. ರಿಮೋಟ್ ತೆಗೆದುಕೊಂಡರು. ಅಮ್ಮ ಅವರ ಹೆಬ್ಬೆರಳನ್ನು ಬಿಡಿಸಿ ಗುಂಡಿಯ ಮೇಲೆ ಇಟ್ಟಳು. ಬೆಕ್ಕು ಅಂಚಿಗೆ ಬಂತು, ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ಬೆರಳು ಅಲುಗಲೇ ಇಲ್ಲ.

"ನೀನು ಆಡು ಪುಟ್ಟಿ, ನಾನು ನೋಡ್ತೀನಿ" ಅಂದರು.

ನನಗೆ ಆಡಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಅವರೇ ಹೇಳಿಕೊಟ್ಟರು, "ಈಗ ಒತ್ತು. ಹಿಡಿ, ಹಿಡಿ, ಬಿಡಬೇಡ. ಹಾಂ, ಈಗ ಬಿಡು." ಒಂದು ಸಲವೂ ಅವರ ಲೆಕ್ಕ ತಪ್ಪಲಿಲ್ಲ. ಬೆಕ್ಕು ಊರೆಲ್ಲ ಸುತ್ತಿ ಮನೆ ಸೇರಿತು. ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು, ಸಾರನ್ನ ಕಲಸಿಟ್ಟಿದ್ದೇನೆ, ಆರುತ್ತದೆ ಅಂತ.